ತೊಡೆಯ ಸ್ನಾಯುವೂ ಕಿಟಕಿ ಪಕ್ಕದ ಸೀಟೂ

ಓಡುವ ಚಟ ಇದ್ದವನಿಗೆ 'ಸುಮ್ಮನೆ ಕೂರು' ಎನ್ನುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ, ಬೆಳಗಾವಿಯ ನಮ್ಮ ಟಿಳಕವಾಡಿಯ ರಸ್ತೆಯಲ್ಲಿ, ಹಾಲಿನವನ ಸೈಕಲ್ಲನ್ನು ಹಿಂದೆ ಹಾಕುವ ಹುರುಪಿನಲ್ಲಿ ನನ್ನ ಎಡತೊಡೆಯ ಹಿಂದಿನ ಸ್ನಾಯು ಚಟ್ಟನೆ ಹರಿಯಿತು. ಹಾಲಿನವನು ತಿರುಗಿಯೂ ನೋಡಲಿಲ್ಲ. ಕಾಲಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, "ಎಂಟು ವಾರ ಓಡೂದು ಬಂದ್ ರೀ ಸರ್. ಮಲಕೊಂಡು ಕಾಲು ಎತ್ತೂದು, ಇಳಸೂದು, ಇಷ್ಟ" ಎಂದರು. ನಾನು ಖಾನಾಪುರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಎಂಟನ್ನು ಐದು ಮಾಡುವ ಉಪಾಯವನ್ನು ಅವತ್ತಿನಿಂದಲೇ ಹುಡುಕತೊಡಗಿದೆ.

ಮನೆಯಲ್ಲಿ ಇನ್ನೊಂದು ಕಾಲೂ ಮಲಗಿತ್ತು. ಎಪ್ಪತ್ತೆಂಟರ ನನ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಆಪರೇಷನ್ ಆಗಿ, ನನ್ನ ಕೈ ಹಿಡಿಯದೆ ವಾಕರ್ ಮುಟ್ಟಲೂ ಹೆದರುತ್ತಿದ್ದಳು. ಅವಳಿಗೂ ಅದೇ ಡಾಕ್ಟರಮ್ಮ. "ಈಗ ಕಾಲಿಗೆ ಕೆಲಸ ಕೊಡಲಿಲ್ಲಂದ್ರ ಮುಂದ ಹಾಸಿಗೀನ ಗತಿ ರೀ" ಎಂದು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಹೀಗಾಗಿ ಬೆಳಗ್ಗೆ ಅವ್ವನ ಲಿಂಗಪೂಜೆ ಮುಗಿದ ಮೇಲೆ ಅವಳು ಮಂಚದ ಮೇಲೆ, ನಾನು ಕೆಳಗೆ ಚಾಪೆಯ ಮೇಲೆ ಕಾಲೆತ್ತುತ್ತಿದ್ದೆವು. ಎಣಿಸುವ ಕೆಲಸ ಅವಳದು. ನಾನು ಎಂಟಕ್ಕೇ ನಿಲ್ಲಿಸಿದರೆ, "ಹತ್ತು ಆಗಿಲ್ಲೋ ಕಳ್ಳ ಮಾಸ್ತರ" ಎನ್ನುತ್ತಿದ್ದಳು. "ನಿಂದು ನೆಟ್ಟಗಾತಂದ್ರ ನಂದೂ ಆದೀತು" ಎಂಬುದು ಅವಳ ಧೈರ್ಯ.

ಐದನೆಯ ವಾರ, ಸಂಜೆ, ಖಾನಾಪುರದ ಬಸ್ ನಿಲ್ದಾಣ. ನಮ್ಮಲ್ಲಿ ಬಸ್ಸು ಒಳಗೆ ತಿರುಗಿದ ಕೂಡಲೇ ಅದರ ಬಾಜು ಓಡುತ್ತ ಕಿಟಕಿಯಿಂದ ಕರ್ಚೀಪು ಎಸೆದು ಸೀಟು ಹಿಡಿಯುವುದು ರೂಢಿ. ಕರ್ಚೀಪು ಬಿದ್ದ ಮೇಲೆ ಆ ಸೀಟಿಗೆ ಯಾರ ತಕರಾರೂ ಇಲ್ಲ. ಬೆಳಗಾವಿ ಬಸ್ಸು ಬಂತು, ಎಲ್ಲರೂ ಓಡಿದರು, ಇಪ್ಪತ್ತು ವರ್ಷದ ಅಭ್ಯಾಸ, ನಾನೂ ಓಡಿದೆ. ಕರ್ಚೀಪು ಸರಿಯಾಗಿ ಕಿಟಕಿ ಪಕ್ಕದ ಸೀಟಿಗೇ ಬಿತ್ತು. ಅದೇ ಗಳಿಗೆಗೆ ತೊಡೆಯೂ ಮತ್ತೆ ಹರಿಯಿತು. ಮೆಟ್ಟಿಲು ಹತ್ತಲಾಗದೆ ಕಂಬ ಹಿಡಿದು ನಿಂತೆ. ಒಳಗಿದ್ದ ಜಾಂಬೋಟಿ ಕಡೆಯ ಮುದುಕರೊಬ್ಬರು, "ಮಾಸ್ತರ, ನಿಮ್ಮ ಜಾಗಾಕ ಯಾರನ್ನೂ ಕುಂದರಗೊಟ್ಟಿಲ್ರಿ, ಲಗೂನ ಬರ್ರಿ!" ಎಂದು ಕೂಗುತ್ತಲೇ ಇದ್ದರು. ಬಸ್ಸು ನನ್ನ ಕರ್ಚೀಪನ್ನು ಕೂರಿಸಿಕೊಂಡು ಹೋಯಿತು.

ಜೊತೆಯ ಮಾಸ್ತರರೊಬ್ಬರ ಕಾರಿನಲ್ಲಿ ಮನೆ ಸೇರಿದೆ. "ಏನ್ ಮಾಡಿಕೊಂಡ್ಯೋ?" ಎಂದಳು ಅವ್ವ. ಅವಮಾನವಾಗಿತ್ತು. "ಏನೂ ಇಲ್ಲವ್ವಾ. ಹೇಳಿದ್ದೆಲ್ಲಾ ಮಾಡೀನಿ. ತಾನ ಹರೀತು" ಎಂದುಬಿಟ್ಟೆ.

ಮರುದಿನ ಅವ್ವ ಕಾಲೆತ್ತಲಿಲ್ಲ. "ಓಡೂ ಕಾಲು ನಿಂದು. ಇಷ್ಟೆಲ್ಲಾ ಮಾಡಿ ಅದಕ್ಕ ಹಿಂಗಾತಂದ್ರ ನನ್ನ ಕಾಲು ಏನ್ ಬರ್ತದೋ? ಬಿಡು" ಎಂದು ಚಾದರ ಎಳೆದುಕೊಂಡಳು. ನಾಲ್ಕು ದಿನ ಬೇಡಿಕೊಂಡೆ, ಗದರಿಸಿದೆ, ಒಬ್ಬನೇ ಮಲಗಿ ಜೋರಾಗಿ ಎಣಿಸಿದೆ. ಅವಳು ಮುಖ ತಿರುಗಿಸಲಿಲ್ಲ. ಡಾಕ್ಟರಮ್ಮನ ಮಾತು ನೆನಪಾಗಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಇಷ್ಟೂ ಆದದ್ದು ನನ್ನ ಒಂದು ಸುಳ್ಳಿನಿಂದ.

ಐದನೆಯ ದಿನ ಮಂಚದ ಬಳಿ ಕೂತು ಇದ್ದದ್ದನ್ನೆಲ್ಲ ಹೇಳಿದೆ. ಅವ್ವ ನನ್ನ ಕಡೆ ಮುಖ ತಿರುಗಿಸಿದಳು.

"ಸೀಟರೆ ಸಿಕ್ತೇನು?"

"ಸಿಕ್ತು."

"ಕುಂತೀ?"

"ಇಲ್ಲ."

"ಅಯ್ಯ ನನ್ನ ಖೋಡಿ! ಅಂದ್ರ ವ್ಯಾಯಾಮದ್ದೇನೂ ತಪ್ಪಿಲ್ಲ, ತಪ್ಪೆಲ್ಲಾ ನಿಂದ" ಎಂದವಳೇ ಚಾದರ ಸರಿಸಿ, ವಾಕರ್ ಹತ್ತಿರ ಎಳೆದುಕೊಂಡಳು. ಕೈ ಕೊಡಲು ಹೋದರೆ, "ಸರಿ ಆಕಡೆ" ಎಂದಳು. ಎದ್ದು ನಿಂತಳು.

"ಎಲ್ಲಿಗವ್ವಾ?"

"ಬಾಜೂ ಮನಿ ಗಂಗವ್ವಗ ಇದನ್ನ ಹೇಳಿ ಬರ್ತೀನಿ."

ಎರಡು ತಿಂಗಳಲ್ಲಿ ಮೊದಲ ಸಲ ಅವ್ವ ಯಾರ ಕೈಯನ್ನೂ ಹಿಡಿಯದೆ ಹೊಸ್ತಿಲು ದಾಟಿದಳು. ನನ್ನ ಕಣ್ಣು ತುಂಬಿ ಬಂತು. ಆದರೂ ಗಂಗವ್ವನಿಗೆ ಗೊತ್ತಾದರೆ ಇಡೀ ಓಣಿಗೇ ಗೊತ್ತಾದಂತೆ. ತಡೆಯೋಣವೆಂದು ಗೋಡೆ ಹಿಡಿದು ಕುಂಟುತ್ತ ಬೆನ್ನು ಹತ್ತಿದೆ. ವಾಕರ್ ಹಿಡಿದ ಅವ್ವ ನನಗಿಂತ ಜೋರಿದ್ದಳು.