ಯಾವ ಟಫ್?

ನಮ್ಮ ಕಾಕಾಗೆ ಇಂಗ್ಲಿಷ್ ಬರುತ್ತದೆ. ಸಣ್ಣ ಮಾತಲ್ಲ, ಪೂರ್ತಿ ಒಂದು ಶಬ್ದ! ಆ ಶಬ್ದ 'ಟಫ್'. ಅದು ಅವರ ಬಾಯಿಂದ ಹೊರಬಿದ್ದರೆ ಸಾಕು, ನನ್ನ ಎದೆ ಅವರ ಮಗ್ಗದ ಹಾಗೆ ಧಡಧಡ ಬಡಿದುಕೊಳ್ಳುತ್ತದೆ.

ಕಾಕಾ ಬನಹಟ್ಟಿಯ ನೇಕಾರರು. ಎಂದೋ ಒಬ್ಬ ಪರವೂರಿನ ವ್ಯಾಪಾರಿ ಅವರು ನೇಯ್ದ ಸೀರೆಯ ಅಂಚನ್ನು ಎರಡೂ ಹೆಬ್ಬೆರಳಲ್ಲಿ ಹಿಡಿದು ಜಗ್ಗಿ, "ವಾಹ್, ಟಫ್!" ಎಂದನಂತೆ. ಮುಗಿಯಿತು! ಅಂದಿನಿಂದ ಟಫ್ ಅಂದರೆ ಗಟ್ಟಿ, ಬಾಳಿಕೆಯದು, ಜಗ್ಗಿದರೂ ಹರಿಯದ್ದು. ಎಮ್ಮೆ ಟಫ್, ರೊಟ್ಟಿ ಟಫ್, ಪಕ್ಕದ ಮನೆಯ ಮುದುಕಿಯ ಹಲ್ಲು ಟಫ್. ಇಂಗ್ಲಿಷರು ಅದೇ ಶಬ್ದವನ್ನು ಕಷ್ಟಕ್ಕೂ ಇಟ್ಟುಕೊಂಡಿದ್ದಾರೆಂದು ಇವರಿಗೆ ಹೇಳುವವರು ಯಾರು? ಹೇಳಬೇಕೆಂದರೆ ಇವರು ಬಾಯಿ ಮುಚ್ಚಬೇಕಲ್ಲ!

ನಾನು ಜಮಖಂಡಿಯಲ್ಲಿ ಪಿಯುಸಿ ಗಣಿತದ ಪರೀಕ್ಷೆ ಬರೆದು ಅಳುತ್ತ ಹೊರಗೆ ಬಂದಾಗ ಗೇಟಿನ ಹತ್ತಿರ ಕಾಕಾ ನಿಂತಿದ್ದರು.

"ಪೇಪರ್ ಭಾಳ ಟಫ್ ಇತ್ತ್ ಕಾಕಾ..."

"ಶಾಬಾಶ್ ಮಗಳ!"

ಸೀದಾ ಕರೆದುಕೊಂಡು ಹೋಗಿ ಒಂದು ತಟ್ಟೆ ಮಿರ್ಚಿ ಭಜಿ ತಿನ್ನಿಸಿದರು. ಬಸ್ಸಿನಲ್ಲಿ ಕಂಡಕ್ಟರನಿಗೂ ಹೇಳಿದರು, "ನಮ್ಮ ಹುಡುಗಿ ಪೇಪರ್ ಟಫ್ ಆಗೇತ್ರಿ!" ಆತ ಪಾಪ, ನನಗೆ ಕಿಟಕಿಯ ಸೀಟು ಕೊಡಿಸಿದ. ರಿಸಲ್ಟ್ ಬಂತು. ಗಣಿತ ಹೋಗಿತ್ತು.

ಮುಂದೆ ಬೀಳಗಿಯಿಂದ ನನ್ನನ್ನು ನೋಡಲು ಬಂದರು. ಹುಡುಗನ ತಾಯಿ ನನ್ನನ್ನು ನಡೆಸಿ ನೋಡಿದರು, ಜಡೆ ಜಗ್ಗಿ ನೋಡಿದರು, ನಕ್ಕು ತೋರಿಸು ಎಂದರು. ಅಷ್ಟರಲ್ಲಿ ಕಾಕಾ ಎದೆಯುಬ್ಬಿಸಿ, "ಹುಡುಗಿ ಭಾಳ ಟಫ್ ಅದಾಳ್ರಿ!" ಎಂದುಬಿಡಬೇಕೆ? ಆ ತಾಯಿಯ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು. ಆ ಸಂಬಂಧ ಅದೇ ಬಸ್ಸಿಗೆ ಬೀಳಗಿಗೆ ವಾಪಸಾಯಿತು. ಆಮೇಲೆ ನನ್ನನ್ನು ಮದುವೆ ಮಾಡಿಕೊಂಡ ಮುಧೋಳದವರು ಈಗಲೂ ಗೊಣಗುತ್ತಾರೆ, "ಬೀಳಗಿಯವ್ರಿಗೆ ಮೊದಲ ಹೇಳಿದ್ರು. ನಮಗ್ಯಾಕ ಹೇಳಲಿಲ್ಲ?"

ನಕ್ಕಿರಾ? ನಗಿರಿ. ಹೋದ ತಿಂಗಳು ಜಮಖಂಡಿಯ ಆಸ್ಪತ್ರೆಯಲ್ಲಿ ನನಗೆ ನಗು ಬರಲಿಲ್ಲ. ಕಾಕಾನ ಹೆಂಡತಿ, ನನ್ನನ್ನು ಎತ್ತಿ ಆಡಿಸಿದ ಕಾಕೂಗೆ ಹೊಟ್ಟೆಯ ಆಪರೇಷನ್. ಡಾಕ್ಟರು ಕಾಗದ ಮುಂದಿಟ್ಟು ಹೇಳಿದರು:

"ವಯಸ್ಸಾಗೇತಿ, ಶುಗರ್ ಐತಿ. ಆಪರೇಷನ್ ಟಫ್ ಐತ್ರಿ. ವಿಚಾರ ಮಾಡಿ ಸಹಿ ಮಾಡ್ರಿ."

ಕಾಕಾ ಮುಖ ಅರಳಿಸಿದರು! ಹೇಳಲೋ ಬೇಡವೋ? ಹೇಳದೆ ಸಹಿ ಮಾಡಿಸಿ, ನಾಳೆ ಹೆಚ್ಚುಕಡಿಮೆಯಾದರೆ? ಹೇಳಿದರೆ ಈ ಮನುಷ್ಯ ಇಲ್ಲೇ ಕುಸಿದರೆ?

"ಕಾಕಾ, ಟಫ್ ಅಂದ್ರ..."

"ನನಗ ಕಲಸ್ತೀಯೇನವಾ?" ಎಂದವರೇ ಸಹಿ ಹಾಕಿ ಕಾಕೂ ಮಲಗಿದ್ದ ಮಂಚದ ಕಡೆ ನಡೆದರು. ಬೆಳಗಿನಿಂದ ಕಾಕೂ ಹೆದರಿ ಮಂಚದ ಸರಳನ್ನು ಬಿಟ್ಟಿರಲಿಲ್ಲ.

"ಕೇಳಿದೇನ? ನೀ ಟಫ್ ಅದೀ ಅಂತ ಖುದ್ದ ಡಾಕ್ಟರ್ ಸಾಹೇಬ್ರ ಅಂದ್ರು!"

ಕಾಕೂ ನಕ್ಕುಬಿಟ್ಟರು. "ನಿಮ್ಮ ಜೋಡಿ ಇಷ್ಟ್ ವರ್ಷ ಬಾಳೇ ಮಾಡೇನಿ. ಟಫ್ ಇರದ ಏನ್ ಮಾಡ್ಲಿ?"

ನಗುತ್ತಲೇ ಒಳಗೆ ಹೋದರು. ಬಾಗಿಲು ಮುಚ್ಚಿತು.

ಕಾಕಾ ಬೆಂಚಿನ ಮೇಲೆ ಕುಳಿತರು. ತೊಡೆಯ ಮೇಲೆ ಕಾಕೂ ಬಿಚ್ಚಿಕೊಟ್ಟ ಸೀರೆ. ಅದರ ಅಂಚನ್ನು ಎರಡೂ ಹೆಬ್ಬೆರಳಲ್ಲಿ ಹಿಡಿದು ಜಗ್ಗಿದರು. ಬಿಟ್ಟರು. ಮತ್ತೆ ಜಗ್ಗಿದರು. ಒಂದು ತಾಸು, ಎರಡು ತಾಸು, ಇದೇ ಕೆಲಸ. ನನಗೆ ತಡೆಯಲಾಗಲಿಲ್ಲ.

"ಕಾಕಾ, ಡಾಕ್ಟರ್ ಅಂದಿದ್ದು..."

"ಗೊತ್ತೈತವಾ."

"ಯಾವಾಗಿಂದ?"

"ನೀ ಪರೀಕ್ಷಾ ಬರದ ಅಳ್ಕೋತ ಬಂದ ದಿನದಿಂದ. ಪೇಪರ್ ಗಟ್ಟಿ ಬರದಾಕಿ ಯಾರರ ಅಳ್ತಾರೇನು? ಏನ್ ಹೇಳಬೇಕ ತಿಳೀಲಿಲ್ಲ. ಭಜಿ ತಿನಿಸಿದ್ನಿ."

"ಮತ್ತ ಬೀಳಗಿಯವ್ರ ಮುಂದ?"

"ಆಕಿ ನಿನ್ನ ಹಲ್ಲ ಎಣಸಾಕತ್ತಿದ್ಲು. ಆಕಳಾ ಕೊಳ್ಳಾಕ ಬಂದಿದ್ಲೇನು?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಡಾಕ್ಟರು ಮಾಸ್ಕ್ ಬಿಚ್ಚುತ್ತ, "ಭಾಳ ಟಫ್ ರೀ..." ಎಂದರು.

ಕಾಕಾ ಎದ್ದು ನಿಂತರು. ಜನ್ಮದಲ್ಲಿ ಮೊದಲ ಸಲ ಅವರು ಆ ಶಬ್ದದ ಅರ್ಥ ಕೇಳಿದರು.

"ಯಾವ ಟಫ್ ರೀ ಸಾಹೇಬ್ರ? ನಿಮ್ದೋ, ನಮ್ದೋ?"

ಡಾಕ್ಟರಿಗೆ ತಿಳಿಯಲಿಲ್ಲ. "ಕಷ್ಟನೋ, ಗಟ್ಟಿನೋ ಅಂತ ಕೇಳಾಕತ್ತಾರ್ರಿ," ಎಂದೆ.

ಡಾಕ್ಟರು ಕಾಕಾನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ದರೀ ಯಜಮಾನ್ರ. ಗಟ್ಟಿ ಅದಾರ. ಪಾರಾದ್ರು."

ಕಾಕಾ ಕಾಕೂನ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ನಿಂತು ಅತ್ತರು. ನಾನು ಹೊರಗೆ ಓಡಿಹೋಗಿ ಒಂದು ತಟ್ಟೆ ಮಿರ್ಚಿ ಭಜಿ ತಂದೆ.