ಆವರಿಕೆಗೆ ಬಾಯಾರಿರಲಿಲ್ಲ

ಈ ಸಂಗತಿಯನ್ನು ಹೇಳಬೇಕೆಂದು ಕೂತಾಗಲೆಲ್ಲ ನನಗೆ ಬೇರೊಂದು ಕೆಲಸ ನೆನಪಾಗುತ್ತದೆ. ಒಮ್ಮೆ ಹೇಳಿಯೇ ಬಿಡೋಣವೆಂದು ಎದ್ದವನು ಕುಂದಗೋಳದ ಸಂತೆಗೆ ಹೋಗಿ ಬದನೆಕಾಯಿ ತಂದೆ. ಮನೆಯಲ್ಲಿ ಬದನೆಕಾಯಿ ಇತ್ತು. ತಪ್ಪು ಒಪ್ಪಿಕೊಳ್ಳುವುದನ್ನು ಮುಂದೂಡುವ ಮನುಷ್ಯನಷ್ಟು ಚುರುಕಾಗಿ ಮನೆಗೆಲಸ ಮಾಡುವವರು ಇನ್ನಾರೂ ಇಲ್ಲ.

ನಮ್ಮ ಮನೆಯಾಕೆಯ ಕೈಗುಣ ಓಣಿಗೆಲ್ಲ ಗೊತ್ತು. ಯಾರ ಅಂಗಳದಲ್ಲಿ ಹೂಗಿಡ ಹಚ್ಚುವುದಿದ್ದರೂ ಮೊದಲ ಸಸಿಯನ್ನು ಅವಳೇ ನೆಡಬೇಕು; ಅವಳು ಮುಟ್ಟಿದ್ದು ಬದುಕುತ್ತದೆ ಎಂದು ನಂಬಿಕೆ. ಕುಬಿಹಾಳದ ಬೀಗರೂ ಕರೆಸುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದು ಅವಳನ್ನು ಬಸ್ಸಿನಲ್ಲಿ ಕರೆತರುವುದಕ್ಕೆ. ಇದು ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಅವಳು ಹೊಲದ ಬದುವಿನಿಂದ ಆವರಿಕೆ ಬೀಜ ತಂದು ಅಂಗಳದ ಮೂಲೆಯಲ್ಲಿ ಹಾಕಿದ್ದಳು. ಪೊದೆಗಳು ಎದ್ದು, ಬಿರುಬಿಸಿಲಿನಲ್ಲೂ ಹಳದಿ ಹೂ ಬಿಟ್ಟು ನಿಂತವು. ತಂಗಿಯ ಮನೆಯ ಮದುವೆಗೆಂದು ಶಲವಡಿಗೆ ಹೋಗಿ ಕೆಲವು ವಾರ ಉಳಿಯಬೇಕಾದಾಗ ಹೇಳಿದಳು: “ಇವಕ್ಕ ನೀರ ಹಾಕಬ್ಯಾಡ್ರಿ ಮತ್ತ. ನಮ್ಮದು ಎರಿ ಮಣ್ಣು, ನೀರ ಹಿಡಕೊಂಡು ಕುಂದರತೈತಿ. ಬೇರ ಕೊಳೀತಾವು.”

“ಹೂಂ” ಅಂದೆ. ಅದು ಗಂಡಂದಿರ ಹೂಂ.

ಬಿಸಿಲಿನಲ್ಲಿ ನಿಂತ ಗಿಡದ ಎದುರು ಕೂತು ನಾನೊಬ್ಬನೇ ಚಹಾ ಕುಡಿಯುವುದು ಸರಿಯೆನಿಸಲಿಲ್ಲ. ಜೊತೆಗೆ, ಅವಳು ಬರುವಷ್ಟರಲ್ಲಿ ಪೊದೆ ಇಮ್ಮಡಿ ಬೆಳೆದರೆ ಓಣಿಯವರು ನನ್ನ ಕೈಗುಣವನ್ನೂ ಹೊಗಳಿಯಾರೆಂಬ ಆಸೆ. ಪೈಪು ಹಿಡಿದೆ. ಎಲೆ ಹಳದಿಯಾಯಿತು, ಪಾಪ, ಸಾಲಲಿಲ್ಲವೆಂದು ಇನ್ನಷ್ಟು ಬಿಟ್ಟೆ. ಎಲೆ ಉದುರಿತು, ಮರುಗಿ ರಾತ್ರಿಗೂ ಬಿಟ್ಟೆ. ಕಡೆಗೆ ಕಡ್ಡಿಗಳು ಉಳಿದವು. ಅವಳು ಬರುವ ಹೊತ್ತಿಗೆ ಮೇಲಿನ ಮಣ್ಣು ಒಣಗಿ, ಏನೂ ಆಗಿಲ್ಲವೆಂಬಂತೆ ಬಿರುಕು ಬಿಟ್ಟಿತ್ತು.

“ನೀರ ಹಾಕಿದ್ರೇನ್ರಿ?”

“ನಾ ಯಾಕ ಹಾಕ್ಲಿ? ನೀನ ಬ್ಯಾಡ ಅಂದಿದ್ದಿಯಲ್ಲ! ನಿನ್ನ ಕೈಗುಣ ಹೋಗಿರಬೇಕ ನೋಡ.”

ಚೇಷ್ಟೆಗೆ ಅಂದೆ ಎಂದು ಬರೆಯಲು ಕೈ ತುರಿಸುತ್ತದೆ. ಚೇಷ್ಟೆಗಲ್ಲ. ಅವಳು ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದೆ, ನಂಬಿಬಿಟ್ಟಳು.

ಮುಂದಿನ ಮಳೆಗಾಲದಲ್ಲಿ ಬಾಜೂ ಮನೆಯ ಶಾಲೆ ಟೀಚರು ಅಬ್ಬಲಿಗೆ ಸಸಿ ಹಿಡಿದು ಬಂದರು. “ಕಾಕೂ, ಬರ್ರಿ, ಮೊದಲನೇದು ನೀವ ಹಚ್ರಿ.”

“ಬ್ಯಾಡವಾ ತಂಗಿ, ನನ್ನ ಕೈ ಈಗ ಬರೋಬರಿ ಇಲ್ಲ.”

“ಅಯ್ಯ, ಇದೇನ ಹೊಸಾದ! ಕಾಕಾ, ನೀವರೆ ಹೇಳ್ರಿ.”

ಕಾಕಾ ಏನು ಹೇಳಿದ? “ಚಾ ಕುಡದ ಹೋಗ್ರಿ” ಅಂದ. ಆಮೇಲೆ ಯಾರೂ ಅವಳನ್ನು ಕರೆಯಲು ಬರಲಿಲ್ಲ.

ಈ ಸಲದ ಮಳೆಗೆ ಕಂಪೌಂಡಿನ ಹೊರಗೆ, ನನ್ನ ಉಪಕಾರ ತಲುಪದ ಜಾಗದಲ್ಲಿ, ಆವರಿಕೆ ಸಸಿಗಳು ಎದ್ದಿವೆ. “ಒಂದ ಕಿತ್ತ ತಂದು ಒಳಗ ಹಚ್ಚ ನೋಡ” ಅಂದೆ.

“ತಾವ ಹುಟ್ಯಾವು, ಇರ್ಲಿ ಬಿಡ್ರಿ. ನಾ ಮುಟ್ಟಿ ಸಾಯಸೂದು ಬ್ಯಾಡ.”

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ, ಆಕಳಿಕೆ ಬಂತು.

ನಿಮಗೆ ಹೇಳುವುದು ಸುಲಭ. ನೀವು ಸಂಜೆ ನನಗೆ ರೊಟ್ಟಿ ಬಡಿಯಬೇಕಾಗಿಲ್ಲ. ಬಡಿಯುವವಳು ಒಳಗಿದ್ದಾಳೆ. ನಮ್ಮ ಪೀಳಿಗೆಯವರಿಗೆ ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ; ಅದನ್ನೂ ನೆವ ಮಾಡಿಕೊಂಡು ಇಷ್ಟು ದಿನ ತಳ್ಳಿದೆ. ತಪ್ಪಾಯಿತೆಂದು ನಾನು ಇನ್ನೂ ಯಾರಿಗೆ ಹೇಳಿಲ್ಲವೋ ಅವಳ ಹೆಸರು ನೀಲವ್ವ.