ಮುಗಿದದ್ದರ ಡಬ್ಬಿ

ಇಸ್ತ್ರಿ ಪೆಟ್ಟಿಗೆ ಇರುವುದು ಬಟ್ಟೆಗೆ. ಡಬ್ಬಿ ಮೇಷ್ಟ್ರ ಮನೆಯಲ್ಲಿ ಮಾತ್ರ ಅದು ಎರಡು ವರ್ಷದಿಂದ ಬಟ್ಟೆಯ ಮುಖ ಕಂಡಿರಲಿಲ್ಲ. ಫೋಟೋದ ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಾಳೆ ಇಟ್ಟು, ಹಳೇ ಟವೆಲ್ಲು ಹೊದಿಸಿ, ಹದವಾಗಿ ಬಿಸಿ ಕೊಟ್ಟು ಅಂಟಿಸುವುದೇ ಅದರ ಕೆಲಸವಾಗಿತ್ತು. ಮೇಷ್ಟ್ರ ಅಂಗಿ ಎಷ್ಟೇ ಮುದುಡಿರಲಿ, ಹೀಗೆ ಅವರು ಮಾಡಿದ ಫೋಟೋ ಚೀಟಿಗಳಲ್ಲಿ ಒಂದು ಸುಕ್ಕು ಇರುತ್ತಿರಲಿಲ್ಲ.

ಆ ದಿನ ಬೆಳಗ್ಗೆ, ಶಾಲೆಯಿಂದ ಮನೆಗೆ ತಂದಿದ್ದ ಒಂದು ಚೀಟಿಯ ಅಂಚು ಕಿತ್ತುಬಂದದ್ದು ಅವರ ಕಣ್ಣಿಗೆ ಬಿತ್ತು. ಇಲಾಖೆಯ ಸಾಹೇಬರು ಬರುವ ದಿನ, ನೀಟಾಗಿರಲಿ ಎಂದು ಇಸ್ತ್ರಿ ಬಿಸಿಮಾಡಿದರು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಗ್ಯಾಸ್ ಮುಗಿಯಿತು ಎಂದು ಕೂಗಿದರು. ಸಿಲಿಂಡರ್ ಬದಲಾಯಿಸಿ ಬರುವ ಹೊತ್ತಿಗೆ ಟವೆಲ್ಲು ಹೊಗೆಯಾಡುತ್ತಿತ್ತು. ಫೋಟೋದಲ್ಲಿ ಶಾಲೆಯ ಗೇಟಿನ ಮುಂದೆ ಹಸಿರು ಚೀಲ ಹಿಡಿದು ನಿಂತಿದ್ದ ಹೆಂಗಸಿಗೆ ಕುತ್ತಿಗೆಯಿಂದ ಮೇಲೆ ಏನೂ ಉಳಿದಿರಲಿಲ್ಲ.

"ಆ ಮಗೂನ ಅಮ್ಮನ್ನೇ ಸುಟ್ಟುಬಿಟ್ರಲ್ಲ," ಎಂದರು ಹೆಂಡತಿ. ಮೇಷ್ಟ್ರು ಚಪ್ಪಲಿ ಮೆಟ್ಟಿದರು.

ಒಂದು ಚೀಟಿಗೆ ಇಷ್ಟು ಗಾಬರಿ ಏಕೆಂದರೆ ಗುಬ್ಬಿಯ ವಿಷಯ ಹೇಳಬೇಕು. ಗುಬ್ಬಿ ಒಂಬತ್ತು ವರ್ಷದ, ಆಟಿಸಂ ಇರುವ ಹುಡುಗಿ. ಮಾತಾಡುವವಳಲ್ಲ. ಮುಂದೇನು ಎಂದು ತಿಳಿಯದಿದ್ದರೆ ಅವಳಿಗೆ ದಿನವೆಲ್ಲ ಭಯ, ಭಯವಾದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಶಾಲೆಯ ಮೂಲೆಯ ಕೋಣೆಗೆ ವಿಶೇಷ ಶಿಕ್ಷಕರಾಗಿ ಬಂದ ಮೇಷ್ಟ್ರು ಅವಳ ದಿನವನ್ನು ಐದು ಫೋಟೋಗಳಾಗಿ ಮಾಡಿದರು: ಚಪ್ಪಲಿ ಇಡುವುದು, ಬಾಟಲಿ ಮುಚ್ಚಳಗಳನ್ನು ಬಣ್ಣ ನೋಡಿ ಬೇರೆ ಮಾಡುವುದು, ಅಂಗಿಗೆ ಗುಂಡಿ ಹಾಕುವುದು, ನೀರು ಕುಡಿಯುವುದು, ಕೊನೆಗೆ ಗೇಟಿನಲ್ಲಿ ಅಮ್ಮ. ಒಂದೊಂದನ್ನೂ ಪ್ಲೈವುಡ್ ತುಂಡಿಗೆ ಅಂಟಿಸಿ, ಹಳೇ ಬೂಟುಗಳಿಂದ ಬಿಚ್ಚಿದ ವೆಲ್ಕ್ರೋ ಪಟ್ಟಿ ಹಚ್ಚಿ, ಉದ್ದನೆಯ ಹಲಗೆಯ ಮೇಲೆ ಮೇಲಿಂದ ಕೆಳಕ್ಕೆ ಸಾಲಾಗಿ ಕೂರಿಸಿದ್ದರು. ಒಂದು ಕೆಲಸ ಮುಗಿದರೆ ಗುಬ್ಬಿ ಆ ತುಂಡನ್ನು ಚರ್ರೆಂದು ಕಿತ್ತು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾಳೆ. ಠಣ್ ಎಂದರೆ ಮುಗಿಯಿತು, ಮುಂದಿನದು ಅದರ ಕೆಳಗಿದೆ. ಹಲಗೆಯ ನೆತ್ತಿಯಲ್ಲಿ ಮಾತ್ರ ಎರಡು ಫೋಟೋ ಸದಾ ಇರುತ್ತಿದ್ದವು, ಒಂದು ಗುಬ್ಬಿಯದು, ಒಂದು ಮೇಷ್ಟ್ರದು. ಇವತ್ತು ಕೋಣೆಯಲ್ಲಿ ಯಾರಿದ್ದಾರೆ ಎಂದು ಹೇಳುವ ಫೋಟೋಗಳು ಅವು, ಡಬ್ಬಿಗೆ ಬೀಳುವಂಥವಲ್ಲ.

ಈ ಡಬ್ಬಿಯಿಂದಲೇ ಅವರು ಡಬ್ಬಿ ಮೇಷ್ಟ್ರಾದದ್ದು. ಬೀದಿಯವರೆಲ್ಲ ಖಾಲಿ ಡಬ್ಬ, ಮುರಿದ ಬಕ್ಕಲ್ಲು, ಮುಚ್ಚಳ ತಂದು ಅವರ ಬಾಗಿಲಲ್ಲಿ ಸುರಿದು ಹೋಗುತ್ತಿದ್ದರು. ಕಸದ ಗಾಡಿಯವನು ಆ ಮನೆಯ ಮುಂದೆ ನಿಲ್ಲಿಸುವುದನ್ನೇ ಬಿಟ್ಟಿದ್ದ.

ಕೋಣೆಯಲ್ಲಿ ಮೊದಲಿದ್ದ ನಾಲ್ಕು ಮಕ್ಕಳಲ್ಲಿ ಈಗ ಉಳಿದವಳು ಗುಬ್ಬಿ ಒಬ್ಬಳೇ. ಒಂದು ಮಗುವಿಗಾಗಿ ಒಂದು ಕೋಣೆ, ಒಬ್ಬ ಮೇಷ್ಟ್ರು ಬೇಕೇ ಎಂಬುದನ್ನು ನೋಡಿ ತೀರ್ಮಾನಿಸಲು ಸಾಹೇಬರು ಬರುತ್ತಿದ್ದರು. ಹೆಡ್ ಮೇಡಂ ಹಿಂದಿನ ದಿನವೇ ಹೇಳಿದ್ದರು, ಮಗು ಏನಾದರೂ ಮಾಡಿ ತೋರಿಸದಿದ್ದರೆ ಕೋಣೆಗೆ ಬೀಗ ಎಂದು.

ಗುಬ್ಬಿಯ ಅಮ್ಮ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮೇಷ್ಟ್ರು ಏದುಸಿರು ಬಿಡುತ್ತಾ ವಿಷಯ ಹೇಳಿದಾಗ ಮಾಲೀಕನನ್ನು ಕೇಳದೆ ಮಿಷನ್ನು ಬಿಟ್ಟೆದ್ದರು. ಹಸಿರು ಚೀಲ ಹರಿದು, ಹೊಸ ಕೆಂಪು ಚೀಲ ಬಂದಿತ್ತು. ಗುಬ್ಬಿಯ ಚೀಟಿಯಲ್ಲಿ ಕೆಂಪು ನಡೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಹಳೆಯದನ್ನು ಮನೆಯ ಅಟ್ಟದಿಂದ ಹುಡುಕಿ ತೆಗೆದು, ತೂತು ಕಾಣದಂತೆ ಕೈಯಲ್ಲಿ ಮುಚ್ಚಿಕೊಂಡು ಶಾಲೆಯ ಗೇಟಿನ ಮುಂದೆ ನಿಂತರು. ಮೇಷ್ಟ್ರು ಮೊಬೈಲಿನಲ್ಲಿ ಫೋಟೋ ತೆಗೆದರು.

"ಈ ಕೋಣೆ ಹೋದ್ರೆ ನಾನು ಗುಬ್ಬೀನ ಮನೇಲಿ ಕೂಡಿ ಹಾಕಿ ಬೀಗ ಜಡಿದು ಕೆಲಸಕ್ಕೆ ಹೋಗ್ಬೇಕು ಮೇಷ್ಟ್ರೇ," ಎಂದರು ಆಕೆ. "ಹಿಂದೆ ಹಂಗೇ ಮಾಡ್ತಿದ್ದೆ. ಮತ್ತೆ ನನ್ ಕೈಲಾಗಲ್ಲ."

ಜೆರಾಕ್ಸ್ ಅಂಗಡಿಯವನು ಪರೋಪಕಾರಿ. ಪ್ರಿಂಟ್ ತೆಗೆದುಕೊಡು ಎಂದರೆ, ಗುಬ್ಬಿಯ ಅಮ್ಮನ ಮುಖವನ್ನು ನುಣ್ಣಗೆ ಮಾಡಿ, ತುಟಿಗೆ ಬಣ್ಣ ಕೊಟ್ಟು, ಹಿಂದೆ ಒಂದು ಜಲಪಾತ ಇಟ್ಟುಕೊಟ್ಟ. ಗೇಟೆಲ್ಲಿ ಎಂದು ಮೇಷ್ಟ್ರು ಕೇಳಿದರೆ, ತುಕ್ಕು ಹಿಡಿದಿತ್ತು, ತೆಗೆದುಬಿಟ್ಟೆ ಎಂದ. ತೆಗೆದದ್ದನ್ನು ವಾಪಸ್ ತರಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಮನಸ್ಸಿಲ್ಲದ ಮನಸ್ಸಿನಿಂದ ಗೇಟನ್ನು ಹಿಂದಿರುಗಿಸಿದ ಅವನು, ಮೇಷ್ಟ್ರಿಗೆ ಸೌಂದರ್ಯವೆಂದರೆ ಆಗುವುದಿಲ್ಲ ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಹೇಳಿದ.

ಸೌಂದರ್ಯ ಅಷ್ಟಕ್ಕೆ ಬಿಡಲಿಲ್ಲ. ಮೇಷ್ಟ್ರು ಹೊಸ ಚೀಟಿ ಹಿಡಿದು ಶಾಲೆ ಮುಟ್ಟುವಷ್ಟರಲ್ಲಿ ಮೂಲೆಯ ಕೋಣೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಕುಂಚ ಒರೆಸಿಕೊಳ್ಳುತ್ತಿದ್ದರು. ಸಾಹೇಬರು ಬರುತ್ತಾರೆಂದು ಒಂದು ಕೈ ಸಹಾಯ ಮಾಡಲು ಬಂದಿದ್ದರಂತೆ. ಉಳಿದ ನಾಲ್ಕು ಫೋಟೋಗಳ ಮೇಲೆ ತಮ್ಮ ಕೈಚಳಕದ ಚಿತ್ರಗಳನ್ನು ಅಂಟಿಸಿದ್ದರು. ಚಪ್ಪಲಿಗೆ ರೆಕ್ಕೆ ಬಂದಿತ್ತು, ನೀರಿನ ಲೋಟ ನಗುತ್ತಿತ್ತು. ಬಿಸ್ಕತ್ತಿನ ಡಬ್ಬಿಯ ಜಾಗದಲ್ಲಿ ಗುಲಾಬಿ ಕಾಗದ ಸುತ್ತಿದ ರಟ್ಟಿನ ಪೆಟ್ಟಿಗೆ ಕೂತಿತ್ತು.

"ಡಬ್ಬಿ ಎಲ್ಲಿ ಸಾರ್?"

"ಆ ತುಕ್ಕುಡಬ್ಬೀನಾ? ಬಿಸಾಕಿದೆ. ಮಕ್ಕಳ ಕೈಗೆ ತಾಗಿ ಗಾಯ ಆದ್ರೆ?"

ಗುಬ್ಬಿ ಬಾಗಿಲ ಬಳಿ ನಗುವ ಲೋಟವನ್ನೇ ನೋಡುತ್ತಾ ನಿಂತಿದ್ದಳು. ಅವಳ ಕೈ ನಿಧಾನವಾಗಿ ಕಿವಿಯತ್ತ ಹೋಗುತ್ತಿತ್ತು. ಮೇಷ್ಟ್ರು ಚಿತ್ರಗಳನ್ನು ಬಿಸಿನೀರಿಗೆ ಹಿಡಿದು ಸುಲಿದರು, ಪ್ಲಾಸ್ಟಿಕ್ ಹೊದಿಸಿದ ಪುಣ್ಯಕ್ಕೆ ಕೆಳಗಿನ ಫೋಟೋಗಳು ಉಳಿದವು. ಆಮೇಲೆ ಹಿತ್ತಲಿನ ಕಸದ ತೊಟ್ಟಿಗೆ ಓಡಿದರು. ಡಬ್ಬಿ ತಳದಲ್ಲಿತ್ತು. ಸಾಹೇಬರ ಜೀಪು ಒಳಗೆ ಬಂದಾಗ ಮೇಷ್ಟ್ರ ಸೊಂಟದ ಮೇಲಿನ ಭಾಗ ತೊಟ್ಟಿಯೊಳಗಿತ್ತು, ಕಾಲುಗಳು ಮಾತ್ರ ಸ್ವಾಗತಕ್ಕೆ ಹೊರಗಿದ್ದವು. ಅದ್ಯಾರು ಎಂದು ಸಾಹೇಬರು ಕೇಳಿದರು. ತೋಟದವನು ಎಂದರು ಹೆಡ್ ಮೇಡಂ.

ಐದು ನಿಮಿಷದ ಮೇಲೆ ಅದೇ ತೋಟದವನು ಡಬ್ಬಿ ತಬ್ಬಿಕೊಂಡು ಪಾಠದ ಕೋಣೆಯಲ್ಲಿ ನಿಂತಿದ್ದನ್ನು ಕಂಡು ಸಾಹೇಬರು ಹೆಡ್ ಮೇಡಂ ಕಡೆ ಒಮ್ಮೆ ನೋಡಿ ಕುರ್ಚಿ ಎಳೆದುಕೊಂಡರು. ಅವರ ಪ್ರಶ್ನೆಗಳೆಲ್ಲ ಸಹಾಯದ ಪುಸ್ತಕದ ಮೇಲಿದ್ದವು. ಗುಬ್ಬಿಗೆ ಎಷ್ಟು ಸಹಾಯ ಬೇಕಾಯಿತೆಂದು ಮೇಷ್ಟ್ರು ದಿನಾ ಬರೆಯುತ್ತಿದ್ದ ಪುಸ್ತಕ ಅದು. ಮೊದಲ ತಿಂಗಳುಗಳಲ್ಲಿ ಪುಟದ ತುಂಬ 'ಕೈ ಹಿಡಿದು ಮಾಡಿಸಿದೆ'. ಆಮೇಲೆ 'ಬೆರಳು ತೋರಿಸಿದೆ'. ಇತ್ತೀಚೆಗೆ ಅಲ್ಲೊಂದು ಇಲ್ಲೊಂದು 'ಸಹಾಯ ಬೇಕಾಗಲಿಲ್ಲ'. ಒಂದೊಂದು ಸಾಲಿನ ಹಿಂದೆಯೂ ಕಚ್ಚಿಸಿಕೊಂಡ ಕೈ, ಹರಿದ ಅಂಗಿ ಇತ್ತು. ಅದನ್ನು ಬರೆಯಲು ಪುಸ್ತಕದಲ್ಲಿ ಜಾಗವಿರಲಿಲ್ಲ.

"ನೀವು ಪಕ್ಕದಲ್ಲಿದ್ರೆ ಕಣ್ಣಲ್ಲೇ ಹೇಳ್ಕೊಡ್ತೀರಿ," ಎಂದರು ಸಾಹೇಬರು. "ಹೊರಗೆ ನಿಲ್ಲಿ. ಅವಳೊಬ್ಬಳೇ ಮಾಡ್ಲಿ."

ಮೇಷ್ಟ್ರು ಕಿಟಕಿಯ ಹೊರಗೆ ನಿಂತರು. ಗುಬ್ಬಿ ಚಪ್ಪಲಿ ಇಟ್ಟಳು, ಠಣ್. ಮುಚ್ಚಳಗಳನ್ನು ಪೆಟ್ಟಿಗೆಯಲ್ಲಿ ಬಣ್ಣಕ್ಕೊಂದರಂತೆ ಕೊರೆದ ನಾಲ್ಕು ತೂತುಗಳಲ್ಲಿ ಬೇರೆ ಬೇರೆ ಹಾಕಿದಳು, ಠಣ್. ಮರದ ಚೌಕಟ್ಟಿಗೆ ಬಿಗಿದ ಮೇಷ್ಟ್ರ ಹಳೇ ಅಂಗಿಗೆ ಆರು ಗುಂಡಿ ಹಾಕಿದಳು. ಐದನೆಯದು ಸಿಕ್ಕಿಕೊಂಡಾಗ ಮೇಷ್ಟ್ರ ಕೈ ತಾನಾಗಿಯೇ ಕಿಟಕಿಯ ಸರಳಿನೊಳಗೆ ಹೋಗಿ ವಾಪಸ್ ಬಂತು. ನೀರು ಕುಡಿದಳು. ಅಮ್ಮನ ಹೊಸ ಫೋಟೋದ ಮುಂದೆ ನಿಂತುಬಿಟ್ಟಳು. ಬೆರಳಿನಿಂದ ಗೇಟು ಮುಟ್ಟಿದಳು, ಹಸಿರು ಚೀಲ ಮುಟ್ಟಿದಳು. ಆಮೇಲೆ ಬಾಗಿಲಿನ ಪಕ್ಕದ ಚಾಪೆಯ ಮೇಲೆ ಹೋಗಿ ಅಮ್ಮನಿಗಾಗಿ ಕಾಯುತ್ತಾ ಕೂತಳು. ಕಿಟಕಿಯಾಚೆ ಮೇಷ್ಟ್ರು ಅಳುತ್ತಿದ್ದರು. ಎರಡು ವರ್ಷದಲ್ಲಿ ಅವರಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಸಾಹೇಬರೂ ಸಂತೋಷಪಟ್ಟರು. ಮೇಷ್ಟ್ರ ಕೈ ಕುಲುಕಿದರು. ಎಲ್ಲ ಶಾಲೆಗಳವರೂ ಇನ್ನಷ್ಟು ದಿನ ಬೇಕು ಎನ್ನುತ್ತಾರೆ, ಕೆಲಸ ಮುಗಿಸಿ ತೋರಿಸಿದವರು ನೀವೊಬ್ಬರೇ ಎಂದು ಹೊಗಳಿದರು. ನಂತರ ಕೂತು ವರದಿ ಬರೆದು ಓದಿ ಹೇಳಿದರು. ಮಗು ಎಲ್ಲವನ್ನೂ ತಾನೇ ಮಾಡುತ್ತಾಳೆ, ನಾಳೆಯಿಂದ ಐವತ್ತೆಂಟು ಮಕ್ಕಳಿರುವ ತರಗತಿಯಲ್ಲಿ ಕೂರಬಹುದು. ಪ್ರತ್ಯೇಕ ಕೋಣೆ, ಪ್ರತ್ಯೇಕ ಶಿಕ್ಷಕರ ಅಗತ್ಯ ಕಂಡುಬರಲಿಲ್ಲ.

ಚೀಟಿಗಳಿರುವುದರಿಂದ ಅವಳಿಗೆ ಸಹಾಯ ಬೇಡ, ಚೀಟಿಗಳನ್ನು ದಿನಾ ಯಾರಾದರೂ ಮಾಡುತ್ತಿರಬೇಕು, ಇವತ್ತು ಬೆಳಗ್ಗೆಯೇ ಒಂದು ಸುಟ್ಟುಹೋಯಿತು ಎಂದೆಲ್ಲ ಮೇಷ್ಟ್ರು ತಡವರಿಸಿದರು.

"ಚೀಟಿ ಇವೆಯಲ್ಲ, ಬಿಟ್ಟುಹೋಗಿ," ಎಂದರು ಸಾಹೇಬರು. "ಸಹಾಯ ಬೇಡ ಅಂತ ಬರೆದೋರು ನೀವೇ ತಾನೆ? ನಿಮ್ಮ ಪುಸ್ತಕ ನೋಡೇ ನಾನು ಬರೆದದ್ದು."

ಜೀಪು ಹೋಯಿತು. ಹೊಸ ತರಗತಿ ಯಾರದೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಆಗಲೇ ಹಲಗೆಯನ್ನು ಅಳೆಯುತ್ತಾ, ಇದಕ್ಕೊಂದು ಬಾರ್ಡರ್ ಬಿಡಿಸಿದರೆ ಹೇಗೆ ಎಂದು ಯೋಚಿಸುತ್ತಿದ್ದರು.

ಹೆಡ್ ಮೇಡಂ ಕೆಟ್ಟವರಲ್ಲ. ಮೇಷ್ಟ್ರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಬದಲಾವಣೆ ಮೊದಲೇ ತಿಳಿಸದಿದ್ರೆ ಅವಳು ತಲೆ ಚಚ್ಕೋತಾಳೆ ಅಂತ ನೀವೇ ಹೇಳಿದ್ರಲ್ಲ. ನಾಳೆಯಿಂದ ನೀವು ಇರಲ್ಲ ಅಂತ ಅವಳಿಗೆ ಅರ್ಥ ಆಗೋ ಹಾಗೆ ಏನಾದ್ರೂ ಮಾಡ್ಕೊಟ್ಟು ಹೋಗಿ. ಆ ಕೆಲಸ ನಿಮಗೆ ಬಿಟ್ರೆ ಬೇರೆ ಯಾರಿಗೂ ಬರಲ್ಲ."

ಅದು ನಿಜವಾಗಿತ್ತು. ಹೊಸ ಚೀಟಿಗೆಂದು ಡ್ರಾಯಿಂಗ್ ಮೇಷ್ಟ್ರು ಕೊಟ್ಟ ಫೋಟೋದಲ್ಲಿ ಅವರ ತಲೆತುಂಬ ಕೂದಲಿತ್ತು. ಮಗು ಗುರುತು ಹಿಡಿಯುವುದಿಲ್ಲ ಎಂದು ಇವರೇ ಅವರನ್ನು ನಿಲ್ಲಿಸಿ, ಬೋಳುತಲೆ ಸರಿಯಾಗಿ ಕಾಣುವಂತೆ ಬೇರೆ ಫೋಟೋ ತೆಗೆದರು. ಜೆರಾಕ್ಸ್ ಅಂಗಡಿಗೆ ಹೋದರು. ಮನೆಗೆ ಹೋಗಿ ಇಸ್ತ್ರಿ ಬಿಸಿಮಾಡಿದರು. ಈ ಸಲ ಪೆಟ್ಟಿಗೆಯ ಪಕ್ಕದಿಂದ ಕದಲಲಿಲ್ಲ. ಹೆಂಡತಿ ಏನಾಯಿತೆಂದು ಕೇಳಿದಾಗ, ಪಾಸಾದಳು ಎಂದಷ್ಟೇ ಹೇಳಿದರು.

ಶಾಲೆ ಬಿಡಲು ಕಾಲು ಗಂಟೆಯಿತ್ತು. ಗುಬ್ಬಿಯನ್ನು ಚಾಪೆಯಿಂದ ಎಬ್ಬಿಸಿ ಹಲಗೆಯ ಮುಂದೆ ಕೂರಿಸಿ, ನೆತ್ತಿಯಲ್ಲಿದ್ದ ತಮ್ಮ ಫೋಟೋದ ಕೆಳಗೆ ಡ್ರಾಯಿಂಗ್ ಮೇಷ್ಟ್ರ ಫೋಟೋ ಹಚ್ಚಿದರು. ತಮ್ಮದು ಎರಡು ವರ್ಷ ಅಲುಗದ ಫೋಟೋ, ಅವಳು ಕೀಳಲು ಒಪ್ಪುವುದಿಲ್ಲ, ಅತ್ತು ರಂಪ ಮಾಡುತ್ತಾಳೆ, ಅದನ್ನು ನೋಡಿಯಾದರೂ ಹೆಡ್ ಮೇಡಂ ಸಾಹೇಬರಿಗೆ ಫೋನ್ ಮಾಡಬಹುದು ಎಂಬ ಆಸೆ ಅವರಿಗಿತ್ತು. ಮೊದಲು ಕೈ ಹಿಡಿದು ಮಾಡಿಸಬೇಕು ಎಂದು ಅವಳ ಕೈಯತ್ತ ತಮ್ಮ ಕೈ ಚಾಚಿದರು.

ಗುಬ್ಬಿ ಹಲಗೆ ನೋಡಿದಳು. ಕೆಳಗೆ ಹೊಸದು ಬಂದಿದೆ, ಅಂದರೆ ಮೇಲಿನದು ಮುಗಿದಿದೆ. ಒಮ್ಮೆ ಮೇಷ್ಟ್ರ ಮುಖ ನೋಡಿದಳು. ಚರ್ರೆಂದು ಅವರ ಫೋಟೋ ಕಿತ್ತು ಡಬ್ಬಿಗೆ ಹಾಕಿದಳು. ಠಣ್ ಎಂದಿತು. ಎದ್ದು ತನ್ನ ಚಾಪೆಗೆ ಹೋಗಿ ಕೂತಳು.

ಎರಡು ವರ್ಷದಲ್ಲಿ ಅವಳು ಮೊದಲ ಸಲಕ್ಕೇ ಕಲಿತ ಪಾಠ ಅದೊಂದೇ. ಮೇಷ್ಟ್ರಿಗೆ ದುಃಖವಾಯಿತು, ಅದರ ಬೆನ್ನಿಗೇ ಹೆಮ್ಮೆಯೂ ಆಯಿತು, ಎರಡರಲ್ಲಿ ಯಾವುದು ಹೆಚ್ಚು ನೋಯಿಸಿತೋ ಅವರಿಗೇ ಗೊತ್ತಿಲ್ಲ. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅಭ್ಯಾಸ ಬಿಡಲಿಲ್ಲ, ಪುಸ್ತಕ ತೆರೆದು ತಾರೀಖು ಹಾಕಿ, 'ಸಹಾಯ ಬೇಕಾಗಲಿಲ್ಲ' ಎಂದು ಬರೆದರು.